ಸಾತವ್ವೆ ತಾಯಿಯವರ ಗಿಂಡಿಯ ನೀರು

ಬೆಳ್ಗೋಟೆಯ ಸೀಮೆಯಲ್ಲಿ ಮೂರು ದಾರಿಗಳು ಕೂಡುವ ಎರೆಮಣ್ಣಿನ ಬಯಲಿನ ನಡುವೆ, ಒಂದು ಹಳೆಯ ಹುಣಸೆಮರದ ಕೆಳಗೆ ಸಾತವ್ವೆ ತಾಯಿಯವರ ಅರವಟ್ಟಿಗೆ ಇತ್ತು. ಅರವಟ್ಟಿಗೆ ಎಂದರೆ ಕಲ್ಲಿನ ಛತ್ರವೆಂದು ಭಾವಿಸಬೇಡಿ. ನೆಟ್ಟ ಗಳುಗಳ ಮೇಲೆ ಜೋಳದ ದಂಟಿನ ಹೊದಿಕೆ, ಒಳಗೆ ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಹರವಿಗಳು, ಹರವಿಯ ನೀರಿನಲ್ಲಿ ಒಂದೊಂದು ಹಿಡಿ ಲಾವಂಚದ ಬೇರು. ತಾಯಿಯವರ ಆಸ್ತಿಯೆಲ್ಲ ಅಷ್ಟೇ. ಹಳ್ಳದ ಒರತೆಯಿಂದ ನೀರು ಹೊತ್ತು ತರುವುದು, ದಾರಿಹೋಕರ ಬಾಯಾರಿಕೆ ತಣಿಸುವುದು, ಇದೇ ಅವರ ಪೂಜೆ, ಇದೇ ಅವರ ತಪಸ್ಸು. ದೇವರ ದರ್ಶನಕ್ಕೆ ದೂರದೂರ ಹೋಗುವವರು ಕೂಡ ಆ ದಾರಿಯಲ್ಲಿ ಬಂದರೆ, ಹೋದ ಕೆಲಸ ಇಲ್ಲಿಯೇ ಆಯಿತೆಂದು ಹಿಂದಿರುಗಿದ್ದುಂಟು.

ಆ ಅರವಟ್ಟಿಗೆಗೆ ಕೆಲವು ಕಟ್ಟಳೆಗಳಿದ್ದವು. ಬಂದವರು ಆಯುಧವನ್ನು ಹುಣಸೆಯ ಕೊಂಬೆಗೆ ತೂಗುಹಾಕಬೇಕು. ನೀರನ್ನು ತಾನೇ ಸುರಿದುಕೊಳ್ಳುವಂತಿಲ್ಲ. ಎರಡೂ ಕೈ ಕೂಡಿಸಿ ಬೊಗಸೆಯೊಡ್ಡಿ, ತಲೆ ಬಾಗಿಸಿ ಕುಡಿಯಬೇಕು. ಕುಡಿದವನು ಅಲ್ಲಿಯೇ ನಿಂತು, ಮುಂದೆ ಬರುವವನಿಗೆ ತಾನು ಗಿಂಡಿಯಿಂದ ನೀರು ಹಾಕಿ ಹೋಗಬೇಕು. ಕುಡಿಯುವವನು ಸಾಕು ಎನ್ನುವವರೆಗೆ ಧಾರೆ ಕಡಿಯಬಾರದು. ಧಾರೆ ಬೀಳುತ್ತಿರುವಾಗ ಹಗೆಯೇ ಬಂದರೂ ನಡುವೆ ಕೈ ಹಾಕುವಂತಿಲ್ಲ; ಹಾಕಿದವನಿಗೆ ಸಾಯುವ ಕಾಲಕ್ಕೆ ಬಾಯಿಗೆ ನೀರು ಬಿಡುವವರು ಸಿಗುವುದಿಲ್ಲ ಎಂದು ಆ ಸೀಮೆಯ ಜನ ಗಟ್ಟಿಯಾಗಿ ನಂಬಿದ್ದರು.

ಒಮ್ಮೆ ಹೊಟ್ಟೆ ಹೊತ್ತ ಸೆಟ್ಟಿಯೊಬ್ಬನು ಬಂದು ಕಂಠಪೂರ್ತಿ ಕುಡಿದು, ತನಗೆ ಸಂತೆಗೆ ಹೊತ್ತಾಯಿತೆಂದೂ, ತನ್ನ ಪಾಲಿನ ನೀರು ಹಾಕಲು ಆಳನ್ನು ಬಿಟ್ಟು ಹೋಗುವೆನೆಂದೂ ಹೇಳಿದನಂತೆ. ತಾಯಿಯವರು, "ಹಂಗಾರ ಕುಡಿಯೂದನ್ನೂ ಆಳೇ ಕುಡೀಬೇಕಿತ್ತಲ್ಲೋ ಯಪ್ಪಾ" ಎಂದರು. ಸೆಟ್ಟಿ ಪೇಟವನ್ನು ಕಂಕುಳಲ್ಲಿಟ್ಟುಕೊಂಡು ಬಿಸಿಲು ಇಳಿಯುವವರೆಗೆ ನಿಂತನು. ಸಂತೆ ಅವನಿಲ್ಲದೆಯೂ ನಡೆಯಿತು.

ಆ ಕಾಲದಲ್ಲಿ ಬೆಳ್ಗೋಟೆಯನ್ನು ಆಳುತ್ತಿದ್ದವನು ರಣಧವಳರಾಯ. ಅವನ ಹೆಸರೆತ್ತಿದರೆ ಜನ ಎಡಕ್ಕೆ ತಿರುಗಿ ಉಗುಳುತ್ತಿದ್ದರು. ಮಗ್ಗಕ್ಕೆ ತೆರಿಗೆ, ಗಾಣಕ್ಕೆ ತೆರಿಗೆ ಮೊದಲೇ ಇತ್ತು. ಇವನು ಮದುವೆಯ ಹಂದರಕ್ಕೂ ತೆರಿಗೆ ಹಾಕಿದನು. ಬಡವರು ಬಿಸಿಲಿನಲ್ಲೇ ಮಕ್ಕಳಿಗೆ ಧಾರೆಯೆರೆಯತೊಡಗಿದರು. ಇದು ಸಾಲದೆಂದು, ಮುಗಿಯದ ಕೋಟೆಯೊಂದನ್ನು ಕಟ್ಟಿಸುತ್ತ, ಊರೂರಿನ ಜನರನ್ನು, ಗಂಡಸರು ಹೆಂಗಸರೆನ್ನದೆ, ಬಿಟ್ಟಿಗೆ ಹಿಡಿದು ಕಲ್ಲು ಹೊರಿಸುತ್ತಿದ್ದನು. ನಾಡುಗಳನ್ನು ನೋಡಿಕೊಳ್ಳುತ್ತಿದ್ದ ಸಾಮಂತರಿಗೆ, ಅವರನ್ನು ಮನ್ನೆಯರು ಎನ್ನುತ್ತಿದ್ದರು, ಒಳಗೊಳಗೇ ಕುದಿಯುತ್ತಿತ್ತು. ಆದರೆ ರಾಯನ ಜೋಳ ಉಂಡವರು ರಾಯನ ಮೇಲೆ ಕತ್ತಿ ಎತ್ತುವುದೆಂತು? ಉಂಡ ಮನೆಯ ಜಂತೆ ಎಣಿಸಿದ ಹಾಗಾಗುವುದಿಲ್ಲವೇ? ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದರು.

ಅವರಲ್ಲಿ ಗೋವರಸನೆಂಬ ಮನ್ನೆಯನಿದ್ದನು. ಅವನು ಪ್ರಾಯದಲ್ಲಿ ರಾಯನ ಹಡಪ ಹಿಡಿದವನು. ಹಡಪವೆಂದರೆ ಎಲೆ ಅಡಕೆಯ ಚೀಲ. ಅದನ್ನು ಹಿಡಿದು ಗದ್ದುಗೆಯ ಹಿಂದೆ ನಿಲ್ಲುವ ಕೆಲಸ ಅತಿ ನಂಬಿಕೆಯವರಿಗೆ ಮಾತ್ರ. ವರ್ಷಗಟ್ಟಲೆ ಹಾಗೆ ನಿಂತು ನಿಂತು, ರಾಯನ ಮುಖಕ್ಕಿಂತ ಅವನ ಹಿಂಗತ್ತೇ ಗೋವರಸನಿಗೆ ಹೆಚ್ಚು ಪರಿಚಯ. ಸಿಟ್ಟು ಬಂದಾಗ ಆ ಕತ್ತಿನ ನರ ಉಬ್ಬುವುದು, ಕಂಠೀಹಾರ ಉಜ್ಜಿ ಉಜ್ಜಿ ಬಿದ್ದ ಕಪ್ಪು ಗೆರೆ, ಕೂದಲ ಅಂಚಿನ ಎರಡು ಸುಳಿ, ಎಲ್ಲವೂ ಅವನಿಗೆ ಬಾಯಿಪಾಠ.

ಗೋವರಸನ ತಮ್ಮ ಬಾಚರಸ. ಹುಡುಗುತನದಿಂದಲೂ ನಾಲಿಗೆಗೆ ಬೀಗವಿಲ್ಲದವನು. ಒಂದು ದಿನ ತುಂಬಿದ ಸಭೆಯಲ್ಲಿ ಎದ್ದು ನಿಂತು, "ಬುದ್ಧೀ, ಹಂದರಕ್ಕೆ ತೆರಿಗೆ ಹಾಕಿದಿರಿ. ಚಟ್ಟಕ್ಕೆ ಯಾವಾಗ?" ಎಂದು ಕೇಳಿಬಿಟ್ಟನು. ರಾಯನ ಕತ್ತಿನ ನರ ಉಬ್ಬಿದ್ದನ್ನು ಹಿಂದೆ ಕುಳಿತಿದ್ದ ಗೋವರಸನು ನೋಡಿದನು. ಬಾಚರಸನನ್ನು ನೆಲಮಾಳಿಗೆಯ ಸೆರೆಗೆ ತಳ್ಳಿದರು. ಕ್ಷಮೆ ಕೇಳುವವರೆಗೆ ಹನಿ ನೀರೂ ಕೊಡಕೂಡದೆಂದು ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟ ರಾಯನು ಮರುದಿನ ಬೇಟೆಗೆ ಹೋದನು. ಅಲ್ಲಿ ಒಳ್ಳೆಯ ಬೇಟೆ ಸಿಕ್ಕಿತು, ಹಬ್ಬವಾಯಿತು, ಸೆರೆಯಲ್ಲಿ ಒಬ್ಬನಿದ್ದಾನೆಂಬುದನ್ನೇ ಅವನು ಮರೆತನು. ಅಪ್ಪಣೆಯನ್ನು ಹಿಂದೆಗೆಯುವವರಿಲ್ಲದೆ ಕಾವಲಿನವರು ನೀರು ಕೊಡಲಿಲ್ಲ. ರಾಯನು ತಿರುಗಿ ಬರುವಷ್ಟರಲ್ಲಿ ಬಾಚರಸನು ಗೋಡೆಯ ತೇವವನ್ನು ನೆಕ್ಕುತ್ತ ಪ್ರಾಣ ಬಿಟ್ಟಿದ್ದನು.

ಗೋವರಸನು ತಮ್ಮನ ಹೆಣದ ಬಾಯಿಗೆ ನೀರು ಬಿಟ್ಟನು. ಅದು ಒಳಗಿಳಿಯಲಿಲ್ಲ. ಅಂದೇ ಅವನು ಎರಡು ಶಪಥ ಮಾಡಿದನು. ರಾಯನ ರಕ್ತ ಕಾಣುವವರೆಗೆ ಕತ್ತಿಯನ್ನು ಮೈಯಿಂದ ಅಗಲಿಸುವುದಿಲ್ಲ. ಅಲ್ಲಿಯವರೆಗೆ ಎಲೆ ಅಡಕೆ ಬಾಯಿಗೆ ಹಾಕುವುದಿಲ್ಲ. ಹಡಪ ಹಿಡಿದು ಬೆಳೆದವನ ಬಾಯಿ ಬೆಳ್ಳಗಾದದ್ದನ್ನು ಕಂಡು ಉಳಿದ ಮನ್ನೆಯರಿಗೆ ಧೈರ್ಯ ಬಂದಿತು. ಎಲ್ಲರೂ ತಾವು ಉಂಡ ರಾಯನ ಜೋಳದಷ್ಟು ಜೋಳವನ್ನು ಅರಮನೆಯ ಬಾಗಿಲಿಗೆ ಸುರಿಸಿ, ಇನ್ನು ಋಣವಿಲ್ಲವೆಂದು ಸಾರಿ, ತಮ್ಮ ತಮ್ಮ ನಾಡು ಸೇರಿದರು. ದಂಗೆ ಹೂಡುವುದೆಂದು ನಿಶ್ಚಯವಾಯಿತು.

ಆದರೆ ಜನ ಏಳಬೇಕಲ್ಲ? ಮನ್ನೆಯರು ಕರೆದರೆ ಜನ ಅನುಮಾನದಿಂದ ನೋಡುತ್ತಾರೆ. ಸಾತವ್ವೆ ತಾಯಿಯವರು ಹರಸಿದರೆಂದು ತಿಳಿದರೆ ಕುಡುಗೋಲು ಹಿಡಿದೇ ಬರುತ್ತಾರೆ. ಈ ಲೆಕ್ಕಾಚಾರದಿಂದ ಗೋವರಸನು ಅರವಟ್ಟಿಗೆಗೆ ಬಂದನು. ತಾಯಿಯವರು ಹರವಿಯೊಂದನ್ನು ತೊಳೆಯುತ್ತಿದ್ದರು. ಅವನು ಒರೆಯಿಂದ ಕತ್ತಿ ಸೆಳೆದು ಅವರ ಮುಂದೆ ಹಿಡಿದನು.

"ತಾಯೀ, ನಿಮ್ಮ ಕೈಯಾರೆ ಇದಕ್ಕೆ ವಿಭೂತಿ ಹಚ್ಚಿ. ನಾಡಿಗೆ ನಾಡೇ ಎದ್ದು ನಿಲ್ಲುತ್ತದೆ."

ತಾಯಿಯವರು ಕತ್ತಿಯನ್ನು ನೋಡಲಿಲ್ಲ, ಅವನ ಮುಖ ನೋಡಿದರು. "ತುಟಿ ಒಡದಾವಲ್ಲೋ ಯಪ್ಪಾ. ಮೊದಲು ನೀರು ಕುಡಿ. ಅದನ್ನ ಕೊಂಬಿಗೆ ತೂಗಹಾಕು."

"ಇದನ್ನು ಕೈಬಿಡುವುದಿಲ್ಲವೆಂದು ಆಣೆ ಮಾಡಿದ್ದೇನೆ."

"ಹಂಗಾರ ಎರಡೂ ಕೈ ಹೆಂಗ ಕೂಡಸ್ತಿ?"

ಗೋವರಸನಿಗೆ ರೇಗಿತು. ತಮ್ಮನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಈಗ ಹೇಳಿ, ರಾಯ ಮಾಡಿದ್ದು ಸರಿಯೇ?" ಎಂದು ಕೂಗಿದನು. ತಾಯಿಯವರ ಕಣ್ಣಲ್ಲಿ ನೀರು ತುಂಬಿತ್ತು. "ಸರಿ ಅಂತ ಯಾರಂದ್ರು? ಅವ ಆ ಗದ್ದಿಗಿ ಮ್ಯಾಲೆ ಕುಂದರಬಾರದು" ಎಂದರು. ಆದರೆ ವಿಭೂತಿಯ ಬಟ್ಟಲಿಗೆ ಕೈ ಹಾಕಲಿಲ್ಲ. ಅವನು ಬೆನ್ನು ತಿರುಗಿಸಿದಾಗ, "ಬಾಯಾರಿದಾಗ ಬಾ ಯಪ್ಪಾ" ಎಂದಷ್ಟೇ ಹೇಳಿದರು. ಈ ಮುದುಕಿಗೂ ರಾಯನ ಭಯವಿದೆ ಎಂದುಕೊಂಡು ಗೋವರಸನು ನೀರು ಮುಟ್ಟದೆ ಹೊರಟುಹೋದನು. ಪುಣ್ಯಾತ್ಮರ ಮಾತು ನಮಗೆ ಒಪ್ಪಿಗೆಯಾಗದಿದ್ದರೆ ಅವರಿಗೆ ಭಯವೆಂದು ತಿಳಿಯುವುದು ನಮ್ಮೆಲ್ಲರ ರೂಢಿ.

ವಿಭೂತಿ ಇಲ್ಲದೆಯೂ ದಂಗೆ ಆಯಿತು. ಬೇಸಗೆಯ ಒಂದು ಬೆಳಗ್ಗೆ ಮನ್ನೆಯರು ಬೆಳ್ಗೋಟೆಯನ್ನು ಸುತ್ತಿದರು. ಮುಗಿಯದ ಕೋಟೆಯ ಮೇಲೆ ಕಲ್ಲು ಹೊರುತ್ತಿದ್ದ ಬಿಟ್ಟಿಯಾಳುಗಳು ಬುಟ್ಟಿ ಕೆಳಗಿಟ್ಟು ಅವರೊಂದಿಗೆ ಸೇರಿದರು. ರಾಯನ ಸೈನಿಕರೋ, ಅವರ ಮನೆಯಲ್ಲೂ ಮದುವೆಗೆ ಬಂದ ಮಕ್ಕಳಿದ್ದರು, ಒಬ್ಬೊಬ್ಬರಾಗಿ ಜಾರಿಕೊಂಡರು. ಹೊತ್ತು ಏರುವಷ್ಟರಲ್ಲಿ ಗದ್ದುಗೆ ಬರಿದಾಗಿತ್ತು. ರಾಯನು ಹಿಂಬಾಗಿಲಿನಿಂದ ಓಡಿಹೋದನೆಂಬ ಸುದ್ದಿ ಹಬ್ಬಿತು.

ಅವನ ಬೆನ್ನಟ್ಟಿ ಎಲ್ಲರಿಗಿಂತ ಮುಂದೆ ಹೋದವನು ಗೋವರಸ. ಎರೆಹೊಲ ಬೇಸಗೆಯಲ್ಲಿ ಬಾಯಿ ಬಿಟ್ಟಿರುತ್ತದೆ. ಅಂಥ ಒಂದು ಬಿರುಕಿನಲ್ಲಿ ಕುದುರೆಯ ಕಾಲು ಸಿಕ್ಕಿ ಮುರಿಯಿತು. ಅವನು ನಡೆದನು. ಮರವಿಲ್ಲ, ಮೋಡವಿಲ್ಲ, ಬಿಸಿಲು ನೆತ್ತಿಯ ಮೇಲೆ. ನಾಲಿಗೆ ಅಂಗುಳಕ್ಕೆ ಅಂಟಿತು. ದೂರದಲ್ಲಿ ಹುಣಸೆಯ ನೆರಳು ಕಂಡಾಗ ಕಾಲುಗಳು ಅವನನ್ನು ಕೇಳದೆಯೇ ಅತ್ತ ತಿರುಗಿದವು. ಕತ್ತಿಯನ್ನು ಕೊಂಬೆಗೆ ತೂಗುಹಾಕುವಾಗ ಅವನಿಗೆ ಶಪಥ ನೆನಪಾಗಲಿಲ್ಲವೆಂದಲ್ಲ. ಆದರೆ ಬಾಯಾರಿಕೆ ಶಪಥಕ್ಕಿಂತ ಹಿರಿಯದು.

ಅವನಿಗಿಂತ ಮುಂಚೆ ಕುಡಿದು ಕಾಯುತ್ತಿದ್ದ ಬಳೆಗಾರನೊಬ್ಬನು ಗಿಂಡಿಯಿಂದ ನೀರು ಹಾಕಿದನು. ಗೋವರಸನು ಕುಡಿದು, ಮುಖ ಒರೆಸಿಕೊಂಡು, ಕತ್ತಿಗೆ ಕೈ ಚಾಚಿದನು. ಬಳೆಗಾರ ಬಳೆಗಳ ಮಲಾರ ಹೊತ್ತು ಹೊರಟುಹೋಗಿದ್ದನು. ತಾಯಿಯವರು ಹರವಿಯ ಪಕ್ಕದಲ್ಲಿ ಕುಳಿತೇ ಹೇಳಿದರು: "ಮುಂದಿನವರು ಬರೂತನಕ ಇರಬೇಕು."

"ತಾಯೀ, ರಾಯ ತಪ್ಪಿಸಿಕೊಳ್ಳುತ್ತಾನೆ!"

ತಾಯಿಯವರು ಗಿಂಡಿಯನ್ನು ಅವನ ಕೈಗೆ ಕೊಟ್ಟರು. ಕುಡಿದ ನೀರು ಇನ್ನೂ ಹೊಟ್ಟೆಯಲ್ಲಿ ತಣ್ಣಗಿತ್ತು; ಅದಕ್ಕೆ ಎರಡು ಬಗೆಯಲು ಅವನಿಂದಾಗಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತನು.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಹರಿದ ಕಂಬಳಿಯೊಂದನ್ನು ತಲೆಯ ಮೇಲಿಂದ ಹೊದ್ದವನೊಬ್ಬನು ಬರಿಗಾಲಿನಲ್ಲಿ ತೂರಾಡುತ್ತ ಬಂದನು. ಆಯುಧವಿರಲಿಲ್ಲ. ಮಾತಾಡುವ ಶಕ್ತಿಯೂ ಇರಲಿಲ್ಲ. ಮಣ್ಣಿನ ಮೇಲೆ ಮೊಣಕಾಲೂರಿ ಕೈಯೊಡ್ಡಿದನು. ಯಾರೋ ಕುರುಬನೆಂದು ತಿಳಿದು ಗೋವರಸನು ಧಾರೆ ಬಿಟ್ಟನು. ಆದರೆ ಆ ಮನುಷ್ಯನಿಗೆ ಬೊಗಸೆ ಹಿಡಿಯುವುದೇ ಬರುತ್ತಿರಲಿಲ್ಲ. ಬೆರಳ ಸಂದಿಯಲ್ಲಿ ನೀರೆಲ್ಲ ಸೋರಿ ಮೊಣಕೈಯಿಂದ ಇಳಿದುಹೋಗುತ್ತಿತ್ತು. ಜೀವಮಾನದಲ್ಲಿ ಬಟ್ಟಲಿನಿಂದಲ್ಲದೆ ಕುಡಿಯದವನ ಕೈ ಅದು. ಸೋರುವ ನೀರನ್ನು ಹಿಡಿಯಲು ಅವನು ಇನ್ನಷ್ಟು ಬಗ್ಗಿದಾಗ ಕಂಬಳಿ ಜಾರಿತು.

ಹಿಂಗತ್ತು ಕಂಡಿತು. ಹಾರ ಉಜ್ಜಿದ ಕಪ್ಪು ಗೆರೆ. ಕೂದಲ ಅಂಚಿನ ಎರಡು ಸುಳಿ.

ಗೋವರಸನ ಕೈ ನಿಂತಿತು. ಧಾರೆ ಸಣ್ಣದಾಗಿ, ಹನಿಯಾಯಿತು. ಕತ್ತಿ ಎಡಗೈಗೆ ಎಟಕುವಷ್ಟು ಹತ್ತಿರ ತೂಗುತ್ತಿತ್ತು. ಎಂಥ ಅನುಕೂಲ! ದೇವರೇ ತಂದು ಮುಂದೆ ಬಗ್ಗಿಸಿ ನಿಲ್ಲಿಸಿದ ಹಾಗೆ.

"ಧಾರಿ ಕಡೀಬ್ಯಾಡ ಯಪ್ಪಾ" ಎಂದರು ತಾಯಿಯವರು. "ಅವ ಇನ್ನೂ ಸಾಕು ಅಂದಿಲ್ಲ."

ಧ್ವನಿ ಏರಿರಲಿಲ್ಲ. ಕಂಬಳಿಯವನು ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಗೊತ್ತಿದ್ದರೂ ಅದೇ ಮಾತನ್ನೇ ಹೇಳುತ್ತಿದ್ದರು. ಗೋವರಸನು ಕತ್ತಿಯ ಕಡೆ ನೋಡಿದನು. ತಮ್ಮನನ್ನು ನೀರಿಲ್ಲದೆ ಕೊಂದವನಿಗೆ ನಾನು ನೀರು ಹಾಕಲೇ? ಕೈಯಲ್ಲಿ ಗಿಂಡಿ ಹಿಡಿದು ನಿಂತವನಿಗೆ ಮುಂದೆ ಬಾಯಾರಿ ಬಗ್ಗಿದ ಒಂದು ತಲೆ ಕಾಣುತ್ತಿತ್ತು. ಆಗ ಅವನಿಗೆ ನೆಲಮಾಳಿಗೆಯ ಬಾಗಿಲಿನ ಕಾವಲುಗಾರ ಕಣ್ಣಿಗೆ ಕಟ್ಟಿದನು. ಅವನ ಬಳಿಯೂ ನೀರಿತ್ತು. ಒಳಗಿನಿಂದ ಕೂಗೂ ಕೇಳಿಸುತ್ತಿತ್ತು. ಅವನೂ ಹೀಗೆಯೇ ಕೈ ನಿಲ್ಲಿಸಿ ನಿಂತಿದ್ದನು. ಈಗ ಕೈ ನಿಲ್ಲಿಸಿದರೆ ತಾನು ಬಾಚನ ಅಣ್ಣನಲ್ಲ, ಆ ಕಾವಲುಗಾರ.

ಅವನು ಗಿಂಡಿಯನ್ನು ಬಾಗಿಸಿದನು. ಧಾರೆ ಮತ್ತೆ ದಪ್ಪವಾಯಿತು. ಕಣ್ಣೀರು ಗಡ್ಡದಿಂದಿಳಿದು ಆ ನೀರಿನೊಂದಿಗೇ ರಾಯನ ಬೊಗಸೆಗೆ ಬಿದ್ದಿತು. ಅಳುತ್ತ ನೀರು ಹಾಕಿದನು, ಹಾಕುತ್ತ ಅತ್ತನು.

ಕೊನೆಗೆ ರಾಯನು ಸಾಕೆಂದು ತಲೆಯಾಡಿಸಿ ಮುಖವೆತ್ತಿದನು. ಎದುರಿಗಿದ್ದವನನ್ನು ಗುರುತಿಸಿ ಬಿಳಿಚಿಕೊಂಡನು. ಎದ್ದು ಓಡಲಿಲ್ಲ. "ಗೋವರಸ, ನಿನ್ನ ತಮ್ಮನನ್ನು ಕೊಲ್ಲಬೇಕೆಂದಿರಲಿಲ್ಲ. ಮರೆತುಬಿಟ್ಟೆ" ಎಂದನು. ಅದನ್ನು ಕೇಳಿ ಗೋವರಸನಿಗೆ ಆದ ಸಂಕಟ ಯಾವ ಗಾಯಕ್ಕಿಂತಲೂ ಹೆಚ್ಚು. ಹಗೆಯಿಂದ ಕೊಂದಿದ್ದರೆ ತಮ್ಮನಿಗೆ ಅಷ್ಟಾದರೂ ಬೆಲೆ ಇರುತ್ತಿತ್ತು!

ಅಷ್ಟರಲ್ಲಿ ದಾರಿಯ ತಿರುವಿನಲ್ಲಿ ಧೂಳೆದ್ದಿತು. ಉಳಿದ ಮನ್ನೆಯರು ಕುದುರೆ ಓಡಿಸಿಕೊಂಡು ಬರುತ್ತಿದ್ದರು. ತಾಯಿಯವರು ಎದ್ದು ಬಂದು, ಗಿಂಡಿಯನ್ನು ಗೋವರಸನಿಂದ ತೆಗೆದು ರಾಯನ ಕೈಗಿಟ್ಟರು. "ಕುಡಿದ್ಯಲ್ಲ, ಇನ್ನ ನೀ ಹಾಕಬೇಕು" ಎಂದರು. ಆಮೇಲೆ ಗೋವರಸನ ಕಡೆ ತಿರುಗಿ, "ಅತ್ತು ಅತ್ತು ಗಂಟಲು ಒಣಗೇತಿ. ಕುಡಿ" ಎಂದರು.

ಗೋವರಸನು ಒಮ್ಮೆ ಕುದುರೆಗಳ ಕಡೆ ನೋಡಿದನು, ಒಮ್ಮೆ ತಾಯಿಯವರ ಮುಖ ನೋಡಿದನು. ಅರ್ಥವಾಯಿತು. ಕತ್ತಿ ತೂಗುತ್ತಿದ್ದ ಕೊಂಬೆಯ ಕೆಳಗೆ, ಹಗೆಯ ಮುಂದೆ ಮೊಣಕಾಲೂರಿ ಕೈ ಕೂಡಿಸಿ, ತನ್ನ ಹಿಂಗತ್ತನ್ನು ಅವನಿಗೆ ಒಪ್ಪಿಸಿದನು. ರಾಯನು ಅಭ್ಯಾಸವಿಲ್ಲದ ಕೈಯಿಂದ ಧಾರೆ ಬಿಟ್ಟನು. ಮೊದಲ ಪಾಲು ಗೋವರಸನ ನೆತ್ತಿಗೇ ಬಿದ್ದಿತು.

ಮುಂದಾಳಾಗಿ ಬಂದವನು ಮಾಕರಸನೆಂಬ ಮುದಿ ಮನ್ನೆಯ. ಕೋಪಕ್ಕೂ ಮೀಸೆಗೂ ಹೆಸರಾದವನು. ದೂರದಿಂದಲೇ ರಾಯನನ್ನು ಗುರುತು ಹಿಡಿದು, "ಗೋವರಸಾ, ಬದಿಗೆ ಸರಿ!" ಎಂದು ಕತ್ತಿ ಝಳಪಿಸುತ್ತ ಕುದುರೆಯಿಂದ ಹಾರಿದನು.

"ಧಾರಿ ಐತಿ" ಎಂದರು ತಾಯಿಯವರು.

ಎರಡೇ ಮಾತು. ಮಾಕರಸನು ಹೊಸ್ತಿಲು ಎಡವಿದವನಂತೆ ನಿಂತುಬಿಟ್ಟನು. ಯುದ್ಧದಲ್ಲಿ ಸಾಯುವ ಭಯ ಅವನಿಗಿರಲಿಲ್ಲ. ಸಾಯುವಾಗ ಬಾಯಿಗೆ ನೀರು ಸಿಗದ ಭಯ ಇತ್ತು. "ಆಗಲಿ, ಮುಗೀಲಿ. ಆಮೇಲೆ ನೋಡ್ಕೋತೀನಿ" ಎಂದು ಗುರುಗುಟ್ಟಿದನು.

ಮುಗಿಯಬೇಕಲ್ಲ! "ಸಾಕೇ?" ಎಂದು ರಾಯನು ಮೆಲ್ಲಗೆ ಕೇಳಿದನು. ಗೋವರಸನು ಇಲ್ಲವೆಂದು ತಲೆಯಾಡಿಸಿದನು. ಬಾಯಾರಿಕೆ ಯಾವಾಗಲೋ ಹೋಗಿತ್ತು. ಆದರೆ ತಾನು ಸಾಕೆಂದ ಗಳಿಗೆಯಲ್ಲಿ ಇನ್ನೊಬ್ಬನ ತಲೆ ಉರುಳುತ್ತದೆಂದು ಅವನಿಗೆ ಗೊತ್ತಿತ್ತು. ಕುಡಿದನು. ಹೊಟ್ಟೆ ತಮಟೆಯಾಗುವಷ್ಟು ಕುಡಿದನು. ಗಿಂಡಿ ಬರಿದಾಗುವ ಮೊದಲೇ ತಾಯಿಯವರು ತಂಬಿಗೆಯಿಂದ ಅದನ್ನು ಮೇಲಿನಿಂದ ತುಂಬುತ್ತ ನಿಂತರು. ಒಳಗಿಳಿಯದ ನೀರು ಗಡ್ಡದ ಮೇಲೆ, ಎದೆಯ ಮೇಲೆ ಹರಿದು ಮಣ್ಣನ್ನು ಕೆಸರು ಮಾಡಿತು.

"ಎಮ್ಮೆ ಹಳ್ಳಕ್ಕ ಬಿದ್ದಂಗ ಕುಡೀತಾನಲ್ಲಪ್ಪ!" ಎಂದನು ಮಾಕರಸ. ಆದರೆ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. ಬೆಳಗಿನಿಂದ ಬಿಸಿಲಲ್ಲಿ ಕಾದಾಡಿದವನ ಮುಂದೆ ನೀರು ಹೀಗೆ ಹರಿದುಹೋಗುತ್ತಿತ್ತು. ಲಾವಂಚದ ತಂಪು ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಮ್ಮೆ ತುಟಿ ಸವರಿಕೊಂಡನು. ಇನ್ನೊಮ್ಮೆ ಸವರಿಕೊಂಡನು. "ಕುಡಿದು ಕಡಿದರೇನು, ಕಡಿದು ಕುಡಿದರೇನು, ಎರಡೂ ಒಂದೇ" ಎಂದು ಯಾರಿಗೋ ಹೇಳುವಂತೆ ಹೇಳಿ, ಕತ್ತಿಯನ್ನು ಕೊಂಬೆಗೆ ತೂಗುಹಾಕಿದನು. ಹಿರಿಯನು ಹಾಕಿದ ಮೇಲೆ ಉಳಿದವರದೇನು? ನೋಡನೋಡುತ್ತಿದ್ದಂತೆ ಹುಣಸೆಮರ ಕಾಯಿ ಬಿಡುವ ಹಾಗೆ ಕತ್ತಿಗಳನ್ನು ಬಿಟ್ಟಿತು.

ಆಗ ಗೋವರಸನು ಸಾಕೆಂದು ಕೈಯೆತ್ತಿದನು. ಕಟ್ಟಳೆಯಂತೆ ಮುಂದಿನವನಿಗೆ ಹಾಕಲು ಗಿಂಡಿಗೆ ಕೈ ಚಾಚಿದನು. ರಾಯನು ಕೊಡಲಿಲ್ಲ. "ಇವರಿಗೂ ನಾನೇ ಹಾಕುತ್ತೇನೆ" ಎಂದನು. ಗೋವರಸನು ತಾಯಿಯವರ ಕಡೆ ನೋಡಿದನು. ಅವರು ತಡೆಯಲಿಲ್ಲ.

ಮಾಕರಸನು ಗೊಣಗುತ್ತಲೇ ಬಗ್ಗಿದನು. ನೀರು ಮೀಸೆಯಿಂದ ಸೋರಿತು. "ಸಾಕೇ, ಮಾಕರಸ?" ಎಂದು ರಾಯನು ಕೇಳಿದನು. ಆ ಮುದುಕ ರಾಯನ ಆಡಳಿತದ ಉದ್ದಕ್ಕೂ ಎಷ್ಟೋ ಅಪ್ಪಣೆಗಳನ್ನು ಆ ಬಾಯಿಂದ ಕೇಳಿದ್ದನು. ಕೋಟೆಗೆ ಎಷ್ಟು ಕಲ್ಲು ಬಂದರೂ, ತೆರಿಗೆ ಎಷ್ಟು ಬಂದರೂ ಸಾಲದೆಂದೇ ಹೇಳುತ್ತಿದ್ದ ಬಾಯಿ ಅದು. ಇನ್ನೊಬ್ಬನಿಗೆ ಸಾಕಾಯಿತೇ ಎಂದು ಅದು ಕೇಳಿದ್ದು ಅಂದೇ ಮೊದಲು. ಮಾಕರಸನು ಬಗ್ಗಿದ ತಲೆಯನ್ನು ಬಹಳ ಹೊತ್ತು ಎತ್ತಲಿಲ್ಲ. ಹೀಗೆ ಒಬ್ಬೊಬ್ಬರಾಗಿ ಎಲ್ಲ ಮನ್ನೆಯರೂ ಕುಡಿದರು, ಒಬ್ಬೊಬ್ಬರನ್ನೂ ರಾಯನು ಹೆಸರು ಹಿಡಿದು ಕೇಳಿದನು.

ಕುಡಿದ ಮೇಲೆ ಕತ್ತಿಯ ಕಡೆ ಯಾರೂ ಹೋಗಲಿಲ್ಲ. ಜೋಳದ ಋಣವನ್ನು ಬಾಗಿಲಿಗೆ ಸುರಿದು ಬಂದಿದ್ದರು. ಈ ನೀರಿನ ಋಣವನ್ನು ಎಲ್ಲಿ ಸುರಿಯಬೇಕು? ರಾಯನು ತಾನೇ ಮುದ್ರೆಯುಂಗುರವನ್ನು ಕಳಚಿ ಒದ್ದೆ ಮರಳಿನ ಮೇಲಿಟ್ಟನು. "ಗದ್ದುಗೆ ನಿಮ್ಮದು. ನನ್ನ ಗತಿ ಏನೆಂದು ತಾಯಿಯವರೇ ಹೇಳಲಿ" ಎಂದು ಕೈಮುಗಿದನು.

"ಮುಂದಿನವರು ಬರೂತನಕ ಇರಬೇಕು" ಎಂದರು ತಾಯಿಯವರು.

ಇಳಿಹೊತ್ತಿಗೆ ಕೋಟೆಯ ಕೆಲಸದಿಂದ ಬಿಡುಗಡೆಯಾಗಿ ಊರಿಗೆ ಮರಳುತ್ತಿದ್ದ ಹೆಣ್ಣುಮಗಳೊಬ್ಬಳು ಬಂದಳು. ತಲೆಯ ಮೇಲೆ ಕಲ್ಲು ಹೊತ್ತ ಸಿಂಬಿಯ ಗುರುತು ಇನ್ನೂ ಇತ್ತು. ರಾಯನು ಅವಳಿಗೆ ನೀರು ಹಾಕಿದನು. ಅವಳಿಗೆ ಇವನಾರೆಂದು ಗೊತ್ತಿಲ್ಲ. ಸಾಕು ಎಂದಳು, "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹರಸಿದಳು. ಅವನು ಗಿಂಡಿಯನ್ನು ಅವಳ ಕೈಗಿತ್ತು, ತಾಯಿಯವರ ಪಾದದ ಮಣ್ಣನ್ನು ಹಣೆಗೆ ಹಚ್ಚಿಕೊಂಡು, ಸೀಮೆ ದಾಟುವ ದಾರಿ ಹಿಡಿದನು. ಮುಂದೆ ಅವನ ಕಥೆ ಯಾರಿಗೂ ತಿಳಿಯದು. ತಿಳಿಯದ್ದನ್ನು ನಾನು ಕಟ್ಟಿ ಹೇಳುವುದಿಲ್ಲ.

ಮನ್ನೆಯರು ಬೇರೊಬ್ಬನಿಗೆ ಪಟ್ಟ ಕಟ್ಟಿದರು. ಹಂದರದ ತೆರಿಗೆ ಹೋಯಿತು, ಕೋಟೆ ಅರ್ಧಕ್ಕೇ ನಿಂತಿತು. ಗೋವರಸನು ಕೇಳಿಕೊಂಡದ್ದು ಒಂದೇ: ಸೆರೆಮನೆಯ ಬಾಗಿಲಲ್ಲಿ ಒಂದು ಹರವಿ, ಒಂದು ಗಿಂಡಿ ಸದಾ ಇರಬೇಕು, ಒಳಗಿರುವವನ ತಪ್ಪು ಏನೇ ಇರಲಿ. ಅದನ್ನು ನಡೆಸಿಕೊಟ್ಟ ಮೇಲೆ ಅವನು ತನ್ನ ನಾಡನ್ನು ಬಿಟ್ಟು ಅರವಟ್ಟಿಗೆಗೆ ಬಂದು, ತಾಯಿಯವರ ಜೊತೆ ಹಳ್ಳದಿಂದ ನೀರು ಹೊರತೊಡಗಿದನು.

"ಅವನನ್ನು ಕ್ಷಮಿಸಿದೆಯಾ?" ಎಂದು ಜನ ಕೇಳುತ್ತಿದ್ದರು. "ಗೊತ್ತಿಲ್ಲಪ್ಪ. ನೀರು ಹಾಕಿದೆ, ಅಷ್ಟು ಗೊತ್ತು" ಎನ್ನುತ್ತಿದ್ದನು. ಹಬ್ಬಹುಣ್ಣಿಮೆಗೆ ಯಾರಾದರೂ ಎಲೆ ಅಡಕೆ ನೀಡಿದರೆ ನಕ್ಕು ಬೇಡವೆನ್ನುತ್ತಿದ್ದನು. ರಾಯನ ರಕ್ತ ಕಾಣುವವರೆಗೆ ಮುಟ್ಟೆನೆಂದ ಶಪಥ ಹಾಗೇ ಉಳಿದಿತ್ತಲ್ಲ! ಬೆಳ್ಳಗಿನ ಆ ಬಾಯಿಯನ್ನು ಕಂಡು ತಾಯಿಯವರು ಒಮ್ಮೆ, "ಇದು ಚೆಂದ ಐತಿ ಯಪ್ಪಾ" ಎಂದರಂತೆ. ಅದಕ್ಕಿಂತ ಹೆಚ್ಚಿನ ಹೊಗಳಿಕೆಯನ್ನು ಅವರಿಂದ ಯಾರೂ ಕೇಳಿರಲಿಲ್ಲ.

ತಾಯಿಯವರು ಶಿವೈಕ್ಯರಾದ ಮೇಲೂ ಗೋವರಸನು ಬಹಳ ಕಾಲ ಅಲ್ಲಿದ್ದನು. ಅವನು ಹರವಿಗಳ ನಡುವೆ ಒರಗಿ ಕೊನೆಯುಸಿರು ಎಳೆಯುವಾಗ ಹತ್ತಿರದ ಬಂಧುಗಳು ಯಾರೂ ಇರಲಿಲ್ಲ. ಆಗತಾನೆ ನೀರು ಕುಡಿದು, ಮುಂದಿನವರಿಗಾಗಿ ಕಾಯುತ್ತಿದ್ದ ಯಾರೋ ಒಬ್ಬ ನೇಕಾರನಿದ್ದನು. ಹೆಸರು ಕೂಡ ಉಳಿದಿಲ್ಲ. ಅವನು ಮುದುಕನ ತುಟಿ ಒಣಗಿದ್ದನ್ನು ಕಂಡು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಿಂಡಿಯಿಂದ ಎಳೆ ನೂಲಿನಷ್ಟು ಸಣ್ಣ ಧಾರೆ ಬಿಟ್ಟನು. ಬಾಚರಸನ ಬಾಯಲ್ಲಿ ಇಳಿಯದ ನೀರು ಅಣ್ಣನ ಗಂಟಲಲ್ಲಿ ಇಳಿಯಿತು.

"ಸಾಕಾ ಅಜ್ಜಾ?" ಎಂದು ಕೇಳಿದನು ನೇಕಾರ.

ಗೋವರಸನು ಸಾಕೆಂದು ತಲೆಯಾಡಿಸಿದನು.